ಬೀದಿನಾಯಿ ಮತ್ತು ನಗರಶಾಸನ: 1832ರ ಮುಂಬಯಿ

ನಗರದಲ್ಲಿ ಪ್ರಾಣಿಗಳ ನಿಯಂತ್ರಣವು ಕೇವಲ ನೈರ್ಮಲ್ಯದ ಪ್ರಶ್ನೆಯಲ್ಲವೆಂಬುದಕ್ಕೆ ಮುಂಬಯಿಯ ಇತಿಹಾಸವು ಸಾಕ್ಷಿಯಾಗಿದೆ. ಈಸ್ಟ್ ಇಂಡಿಯಾ ಕಂಪನಿಯ ಆಡಳಿತವು ಅಲ್ಲಿ ಬೀದಿನಾಯಿಗಳನ್ನು ಕೊಲ್ಲಲು ಆಜ್ಞಾಪಿಸಿ, ಕೊಂದ ನಾಯಿಯ ಲೆಕ್ಕದಲ್ಲಿ ಬಹುಮಾನ ನೀಡುತ್ತಿತ್ತು. ಇದರ ಆಸೆಗೆ ಸಾಕುನಾಯಿಗಳೂ ಬಲಿಯಾಗುತ್ತಿವೆಯೆಂಬುದು ಜನರ ದೂರಾಗಿತ್ತು. ಅಂತ್ಯಸಂಸ್ಕಾರದ ‘ಸಗ್‌ದೀದ್’ ವಿಧಿಯಲ್ಲಿ ನಾಯಿಯ ದೃಷ್ಟಿಯನ್ನು ಪವಿತ್ರವೆಂದು ಭಾವಿಸುವ ಪಾರಸಿಗಳಿಗೆ ಈ ಸಂಹಾರವು ಧರ್ಮಘಾತವಾಗಿ ತೋರಿತು. 1832ರ ಜೂನ್ 6 ಮತ್ತು 7ರಂದು ಕೋಟೆಪ್ರದೇಶದಲ್ಲಿ ಗಲಭೆಯೆದ್ದು ಅಂಗಡಿಗಳು ಮುಚ್ಚಿದವು. ಸೈನ್ಯದ ಆಹಾರಪೂರೈಕೆಗೂ ತಡೆಯಾಯಿತು. ಸೇನಾಬಲದಿಂದ ಗಲಭೆ ಅಡಗಿತಾದರೂ ಪ್ರಶ್ನೆ ಉಳಿಯಿತು. 1834ರಲ್ಲಿ ಜಮ್‌ಶೇಟ್‌ಜಿ ಜೀಜಿಭಾಯಿ ಮೊದಲಾದ ವರ್ತಕರು ಪಾಂಜರಪೋಳವನ್ನು ಸ್ಥಾಪಿಸಿ, ವಧೆಗೆ ಬದಲಾಗಿ ಆಶ್ರಯದ ಮಾರ್ಗವನ್ನು ತೋರಿದರು. ನಾಯಿಗಳ ಸಂಖ್ಯಾನಿಯಂತ್ರಣಕ್ಕೆ ಸಂತಾನಹರಣ ಹಾಗೂ ಲಸಿಕೆಯನ್ನು ವಿಧಿಸಿದ 2001ರ ಕೇಂದ್ರ ನಿಯಮಗಳು ಈ ವಿವಾದಕ್ಕೆ ಶಾಸನವು ಬಹುತಡವಾಗಿ ಕಂಡುಕೊಂಡ ಉತ್ತರವೆನ್ನಬಹುದು.