ಬೈಕಿನಲ್ಲಿ ಕಚೇರಿಗೆ: ಉಡುಪು ಕಾಯುವ ಬಗೆ

ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಮಂಗಳೂರು, ಯಾವ ಊರಾದರೂ ಸರಿ, ಬೆಳಗಿನ ಒಂಬತ್ತು ಗಂಟೆಯ ರಸ್ತೆಯನ್ನು ತುಂಬುವುದು ದ್ವಿಚಕ್ರ ವಾಹನಗಳೇ. ಬ್ಯಾಂಕಿನ ಕ್ಯಾಷಿಯರ್, ವಕೀಲರು, ಶಾಲಾ ಶಿಕ್ಷಕಿ, ಆಸ್ಪತ್ರೆಯ ನರ್ಸ್, ಸಾಫ್ಟ್‌ವೇರ್ ಉದ್ಯೋಗಿ ಎಲ್ಲರೂ ಇಸ್ತ್ರಿ ಮಾಡಿದ ಬಟ್ಟೆ ತೊಟ್ಟು ಮನೆ ಬಿಟ್ಟಿರುತ್ತಾರೆ. ನಡುವಿನ ಮುಕ್ಕಾಲು ಗಂಟೆಯಲ್ಲಿ ದೂಳು, ಹೊಗೆಯ ಮಸಿ, ಚೈನಿನ ಎಣ್ಣೆ, ಬೆವರು, ಮಳೆ ಎಲ್ಲವೂ ಆ ಬಟ್ಟೆಯ ಮೇಲೆಯೇ ಬೀಳುತ್ತವೆ.

ಇದಕ್ಕೆ ಮೂರು ದಾರಿಗಳಿವೆ. ಗಾಡಿಗೇ ಮರೆ ಕಟ್ಟುವುದು, ಸವಾರ ತನ್ನ ಉಡುಪಿನ ಮೇಲೆ ಇನ್ನೊಂದು ಉಡುಪು ತೊಡುವುದು, ಕಚೇರಿ ತಲುಪಿ ಬಟ್ಟೆ ಬದಲಿಸುವುದು. ಯಾವ ದಾರಿ ಹಿಡಿದರೂ ತಿರುಳು ಒಂದೇ: ರಸ್ತೆಗೆ ಒಂದು ಪದರ, ಕೆಲಸಕ್ಕೆ ಇನ್ನೊಂದು ಪದರ. ರಸ್ತೆಯ ಪದರ ಬಟ್ಟೆಯ ಜೊತೆಗೆ ಮೈಯನ್ನೂ ಕಾಯುವಂತಿರಬೇಕು. ಎರಡರಲ್ಲಿ ಒಂದನ್ನು ಆರಿಸಬೇಕಾಗಿ ಬಂದರೆ ಬಟ್ಟೆ ಕೊಳೆಯಾದರೂ ಚಿಂತೆಯಿಲ್ಲ, ಮೈ ಉಳಿಯಬೇಕು.

ಗಾಡಿಗೇ ಕಟ್ಟಿದ ಮರೆ

ಬಟ್ಟೆಯನ್ನು ಮನಸ್ಸಿನಲ್ಲಿಟ್ಟುಕೊಂಡು ರೂಪಿಸಿದ ಗಾಡಿಗಳಲ್ಲಿ ಹೆಸರಾದದ್ದು ಇಟಲಿಯ ವೆಸ್ಪಾ. ಎರಡನೆಯ ಮಹಾಯುದ್ಧ ಮುಗಿದಾಗ ವಿಮಾನ ತಯಾರಿಸುತ್ತಿದ್ದ ಪಿಯಾಜಿಯೊ ಕಂಪನಿಗೆ ಹೊಸ ಕೆಲಸ ಬೇಕಿತ್ತು. ಅಲ್ಲಿನ ಎಂಜಿನಿಯರ್ ಕೊರಾಡಿನೊ ದಾಸ್ಕಾನಿಯೊ ಅವರಿಗೆ ಮೋಟಾರ್ ಸೈಕಲ್ ಕಂಡರೆ ಆಗುತ್ತಿರಲಿಲ್ಲ. ಅದು ಕೊಳಕು, ಎಣ್ಣೆ ಮೆತ್ತುತ್ತದೆ, ಹತ್ತಲು ಕಾಲೆತ್ತಬೇಕು ಎಂಬುದು ಅವರ ತಕರಾರು. ಹಾಗಾಗಿ ಎಂಜಿನ್ನನ್ನು ಹಿಂಬದಿ ಚಕ್ರದ ಪಕ್ಕ ತಗಡಿನೊಳಗೆ ಮುಚ್ಚಿದರು, ಚೈನ್ ತೆಗೆದುಹಾಕಿದರು, ಮುಂಗಾಲಿಗೆ ಅಗಲವಾದ ತಗಡಿನ ಮರೆ ಕೊಟ್ಟರು. 1946ರ ಏಪ್ರಿಲ್ 23ರಂದು ಪೇಟೆಂಟ್‌ಗೆ ಅರ್ಜಿ ಹೋಯಿತು. ಸೂಟು ತೊಟ್ಟವರೂ ಲಂಗ ತೊಟ್ಟವರೂ ಬಟ್ಟೆ ಕೊಳೆಯಾಗದೆ ಓಡಿಸಬಹುದಾದ ಗಾಡಿ ಅದು. ನಮ್ಮಲ್ಲಿ ಅದೇ ವಿನ್ಯಾಸ ಬಜಾಜ್ ಮೂಲಕ ಬಂತು; 1972ರಲ್ಲಿ ಚೇತಕ್ ಆಯಿತು. ಗುಮಾಸ್ತರಿಗೂ ಮೇಷ್ಟ್ರಿಗೂ ಆ ಸ್ಕೂಟರ್ ಮೆಚ್ಚಿಗೆಯಾದದ್ದರಲ್ಲಿ ಅದರ ಮುಂಗಾಲಿನ ಮರೆಯ ಪಾಲೂ ಇದೆ.

ಬೈಕ್‌ಗಳಲ್ಲೂ ಈ ಕಾಳಜಿ ಇತ್ತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಿಂದ ಹೊರಬಂದ ಜಾವಾ, ಆಮೇಲಿನ ಯೆಜ್ಡಿ, ಎರಡರಲ್ಲೂ ಚೈನು ಸುತ್ತಲೂ ಮುಚ್ಚಿರುತ್ತಿತ್ತು. 1985ರ ಹೀರೋ ಹೋಂಡಾ ಸಿಡಿ 100ರಲ್ಲೂ ಪೂರ್ತಿ ಚೈನ್ ಕವರ್ ಇತ್ತು. ಈಗಿನ ದುಬಾರಿ ಬೈಕ್‌ಗಳಲ್ಲಿ ಚೈನು ಬಯಲಿಗೆ ಬಿದ್ದಿದೆ, ಹಿಂಬದಿಯ ಮಡ್‌ಗಾರ್ಡ್ ಗಿಡ್ಡವಾಗಿದೆ. ಮಳೆಗಾಲದಲ್ಲಿ ಹಿಂದೆ ಕೂತವರ ಬೆನ್ನಿಗೆ ಉದ್ದಕ್ಕೂ ಕೆಸರಿನ ಗೆರೆ ಬೀಳುವುದು ಇದರಿಂದಲೇ. ಟೈರಿನ ಹತ್ತಿರಕ್ಕೆ ಜೋಡಿಸುವ ಹೆಚ್ಚುವರಿ ಮಡ್‌ಗಾರ್ಡ್ ಅಂಗಡಿಗಳಲ್ಲಿ ಸಿಗುತ್ತದೆ. ಅಂದ ಕೆಡುತ್ತದೆ ಎಂದು ಅದನ್ನು ಬೇಡವೆನ್ನುವವರುಂಟು. ನಿತ್ಯ ಕಚೇರಿಗೆ ಓಡಿಸುವವರು ಹಾಕಿಸುವುದೇ ಸರಿ. ಗೇರ್ ಇಲ್ಲದ ಸ್ಕೂಟರ್‌ಗಳಲ್ಲಿ ಚೈನಿನ ಬದಲು ಮುಚ್ಚಿದ ಬೆಲ್ಟ್ ಇದೆ. ಎಲೆಕ್ಟ್ರಿಕ್ ಸ್ಕೂಟರ್‌ಗಳಲ್ಲೂ ಹಲವಕ್ಕೆ ಎಣ್ಣೆ ಕೇಳುವ ಚೈನೇ ಇಲ್ಲ. ಕಚೇರಿಗೆಂದೇ ಗಾಡಿ ಕೊಳ್ಳುವವರು ಮೈಲೇಜ್ ಕೇಳುವಾಗ ಈ ಮೂರನ್ನೂ ನೋಡಬೇಕು: ಮುಂಗಾಲಿನ ಮರೆ, ಚೈನ್ ಕವರ್, ಮಡ್‌ಗಾರ್ಡ್.

ಬಯಲು ಚೈನಿರುವ ಬೈಕ್ ಇದ್ದರೆ ಎಣ್ಣೆ ಹಾಕುವ ಹೊತ್ತು ಮುಖ್ಯ. ಬೆಳಗ್ಗೆ ಹೊರಡುವ ಮುನ್ನ ಹಾಕಿದರೆ ಚೈನು ತಿರುಗುವ ರಭಸಕ್ಕೆ ಎಣ್ಣೆಯ ಹನಿ ಪ್ಯಾಂಟಿನ ಅಂಚಿಗೂ ಹಿಂದೆ ಕೂತವರ ಸೀರೆಗೂ ಸಿಡಿಯುತ್ತದೆ. ಸಂಜೆ ಮನೆಗೆ ಬಂದಾಗ ಚೈನು ಬೆಚ್ಚಗಿರುತ್ತದೆ. ಆಗ ಹಚ್ಚಿ, ರಾತ್ರಿ ಬಿಟ್ಟು, ಬೆಳಗ್ಗೆ ಹಳೆಯ ಬಟ್ಟೆಯಿಂದ ಮೇಲಿನ ಜಿಡ್ಡು ಒರೆಸಿ ಹೊರಟರೆ ಸಿಡಿತ ಬಹಳ ಕಡಿಮೆ.

ಉಡುಪಿನ ಮೇಲೊಂದು ಉಡುಪು

ಎರಡನೆಯ ದಾರಿಯನ್ನು ಪೂರ್ತಿಯಾಗಿ ಯೋಚಿಸಿದವರು ಅಮೆರಿಕದ ಮಿನೆಸೋಟ ರಾಜ್ಯದ ಡುಲೂತ್ ಊರಿನ ಆಂಡಿ ಗೋಲ್ಡ್‌ಫೈನ್. 1983ರಲ್ಲಿ ಅವರು ಏರೋಸ್ಟಿಚ್ ಕಂಪನಿ ಆರಂಭಿಸಿದರು. ಅದರ ರೋಡ್‌ಕ್ರಾಫ್ಟರ್ ಎಂಬ ಉಡುಪು ದಪ್ಪ ನೈಲಾನಿನದು, ಕೊರಳಿನಿಂದ ಪಾದದವರೆಗೆ ಒಂದೇ ತುಂಡು. ಉದ್ದದ ಜಿಪ್ ಎಳೆದರೆ ಸೂಟು ಬೂಟು ಹಾಕಿಕೊಂಡೇ ಅದರೊಳಗೆ ಇಳಿಯಬಹುದು. ಮೊಣಕೈ, ಭುಜ, ಮೊಣಕಾಲಿಗೆ ಪೆಟ್ಟು ತಡೆಯುವ ಪ್ಯಾಡುಗಳಿವೆ. ಬೈಕು ರಜಾದಿನದ ಷೋಕಿಗಷ್ಟೇ ಅಲ್ಲ, ಕೆಲಸಕ್ಕೆ ಹೋಗುವ ವಾಹನವೂ ಹೌದು ಎಂಬುದು ಅವರ ನಂಬಿಕೆ.

ಆ ಉಡುಪು ಹುಟ್ಟಿದ್ದು ಚಳಿಯ ಊರಿನಲ್ಲಿ. ಡಿಸೆಂಬರಿನ ಬೆಂಗಳೂರು ಅದನ್ನು ತಾಳಿಕೊಂಡೀತು, ಏಪ್ರಿಲ್‌ನ ಕಲಬುರಗಿಯಲ್ಲಿ ಆಗದ ಮಾತು. ನಮ್ಮ ಹವೆಗೆ ಹೊಂದುವುದು ಗಾಳಿಯಾಡುವ ಜಾಲರಿ ಬಟ್ಟೆಯ, ಪ್ಯಾಡುಗಳಿರುವ ರೈಡಿಂಗ್ ಜಾಕೆಟ್. ಅದನ್ನು ಒಂದು ಅಳತೆ ದೊಡ್ಡದಾಗಿ ಕೊಂಡರೆ ಒಳಗಿನ ಅಂಗಿ ಹಿಂಡಿಹೋಗುವುದಿಲ್ಲ. ಆದರೆ ಪ್ಯಾಡು ಮೊಣಕೈಯಿಂದ ಜಾರುವಷ್ಟು ಸಡಿಲವಾಗಬಾರದು. ಅಷ್ಟು ಖರ್ಚು ಆಗದವರು ದೂಳಿನ ಮಟ್ಟಿಗಾದರೂ ಹತ್ತಿಯ ಉದ್ದತೋಳಿನ ಹಳೆಯ ಅಂಗಿಯೊಂದನ್ನು ಮೇಲೆ ತೊಡಬಹುದು. ಬಿದ್ದಾಗ ಅದು ಚರ್ಮವನ್ನು ಉಳಿಸುವುದಿಲ್ಲ ಎಂಬುದು ನೆನಪಿರಲಿ.

ಸುಕ್ಕು ಏಕೆ ಬೀಳುತ್ತದೆ

ಹತ್ತಿಯ ನಾರು ಸೆಲ್ಯುಲೋಸ್‌ನ ಉದ್ದನೆಯ ಸರಪಳಿಗಳಿಂದ ಆದದ್ದು. ಆ ಸರಪಳಿಗಳನ್ನು ಒಂದಕ್ಕೊಂದು ಹಿಡಿದಿಡುವುದು ಹೈಡ್ರೋಜನ್ ಬಂಧಗಳು. ತೇವ ತಗುಲಿದರೆ ಇವು ಸಡಿಲಗೊಳ್ಳುತ್ತವೆ. ಆರಿದಾಗ ಬಟ್ಟೆ ಯಾವ ಭಂಗಿಯಲ್ಲಿದೆಯೋ ಆ ಭಂಗಿಯಲ್ಲೇ ಮತ್ತೆ ಕಟ್ಟಿಕೊಳ್ಳುತ್ತವೆ. ಇಸ್ತ್ರಿ ಮಾಡುವವರು ನೀರು ಚಿಮುಕಿಸುವುದು ಇದಕ್ಕೇ. ಬೈಕಿನ ಮೇಲೆ ಕೂತಾಗ ಬೆವರು ತೇವ ಕೊಡುತ್ತದೆ, ಮೈ ಶಾಖ ಕೊಡುತ್ತದೆ, ಬೆನ್ನಿನ ಬ್ಯಾಗು ಒತ್ತಡ ಕೊಡುತ್ತದೆ. ಇಸ್ತ್ರಿಪೆಟ್ಟಿಗೆಯ ಕೆಲಸವೇ ತಪ್ಪು ದಿಕ್ಕಿನಲ್ಲಿ ನಡೆದುಹೋಗುತ್ತದೆ. ಪಾಲಿಯೆಸ್ಟರ್ ನೀರು ಹೀರುವುದು ಅತ್ಯಲ್ಪ, ಅದಕ್ಕೇ ಅದು ಬೆರೆತ ಟೆರಿಕಾಟ್ ಅಂಗಿ ಹತ್ತಿಗಿಂತ ನೆಟ್ಟಗೆ ಉಳಿಯುತ್ತದೆ. ಲಿನನ್ ಎಲ್ಲಕ್ಕಿಂತ ಬೇಗ ಮುದುಡುತ್ತದೆ. ಉಣ್ಣೆಗೆ ತಾನೇ ಚೇತರಿಸಿಕೊಳ್ಳುವ ಗುಣವಿದೆ. ಹ್ಯಾಂಗರಿಗೆ ತೂಗುಹಾಕಿದರೆ ಸಣ್ಣ ಸುಕ್ಕು ಬಿಟ್ಟುಕೊಳ್ಳುತ್ತದೆ.

ಹಾಗಾದರೆ ಮಾಡಬೇಕಾದ ಮೊದಲ ಕೆಲಸ ಬ್ಯಾಗನ್ನು ಬೆನ್ನಿನಿಂದ ಇಳಿಸುವುದು. ಸ್ಕೂಟರಿನಲ್ಲಿ ಕಾಲಿನ ಬಳಿಯ ಕೊಕ್ಕೆ, ಬೈಕಿನಲ್ಲಿ ಹಿಂದಿನ ಬಾಕ್ಸ್ ಇದಕ್ಕೆ ಒದಗುತ್ತವೆ. ಬೆನ್ನಿಗೇ ಹಾಕಬೇಕಾಗಿ ಬಂದರೆ ಮೇಲೊಂದು ಜಾಕೆಟ್ ಇರಲಿ, ಅಂಗಿಯನ್ನು ಪ್ಯಾಂಟಿನೊಳಗೆ ಸೇರಿಸುವ ಕೆಲಸ ಕಚೇರಿಗೆ ಹೋದ ಮೇಲಾಗಲಿ.

ಅಂಗಿಯನ್ನು ಬ್ಯಾಗಿನಲ್ಲಿ ಒಯ್ಯುವುದಾದರೆ ರಟ್ಟಿನ ಹಾಳೆಗೆ ಮಡಚಿ, ಲ್ಯಾಪ್‌ಟಾಪಿನ ಮಗ್ಗುಲಿಗೆ ನಿಲ್ಲಿಸಬೇಕು. ಊಟದ ಡಬ್ಬಿ ಅದೇ ಖಾನೆಯಲ್ಲಿ ಬೇಡ. ಸಾರಿನ ಕಲೆ ಎಷ್ಟು ಹಠಮಾರಿ ಎಂಬುದು ಎಲ್ಲರಿಗೂ ಗೊತ್ತು.

ವಕೀಲರ ಕರಿ ಕೋಟಿನ ಕಥೆ ಬೇರೆ. ಬಾರ್ ಕೌನ್ಸಿಲ್ ನಿಯಮದ ಪ್ರಕಾರ ಸುಪ್ರೀಂ ಕೋರ್ಟ್ ಮತ್ತು ಹೈಕೋರ್ಟ್ ಬಿಟ್ಟು ಉಳಿದ ನ್ಯಾಯಾಲಯಗಳಲ್ಲಿ ಬೇಸಿಗೆಯಲ್ಲಿ ಅದು ಕಡ್ಡಾಯವಲ್ಲ. ಉಳಿದ ಕಾಲದಲ್ಲಿ ಹೊತ್ತೊಯ್ಯಲೇಬೇಕು. ತೊಟ್ಟು ಓಡಿಸಿದರೆ ಅದರ ಹಿಂಭಾಗ ಕೂತವರ ಅಡಿಗೆ ಸಿಕ್ಕಿ ಮುದುಡುತ್ತದೆ, ದೂಳು ಎದ್ದು ಕಾಣುತ್ತದೆ. ಭುಜಗಳನ್ನು ಒಳಮಗ್ಗುಲಾಗಿ ತಿರುಗಿಸಿ, ಒಳಪದರ ಹೊರಗೆ ಬರುವಂತೆ ಮಡಚಿ ಕವರಿನಲ್ಲಿ ಇಡುವುದು ಒಳ್ಳೆಯದು. ಆಗ ದೂಳೂ ತಿಕ್ಕಾಟವೂ ಒಳಪದರಕ್ಕೆ ಹೋಗುತ್ತವೆ. ಬಿಳಿ ಬ್ಯಾಂಡನ್ನು ಕಡತದ ಹಾಳೆಗಳ ನಡುವೆ ಇಟ್ಟರೆ ಚಪ್ಪಟೆಯಾಗಿಯೇ ಉಳಿಯುತ್ತದೆ.

ಸೀರೆ, ವೇಲ್ ಮತ್ತು ಹಿಂಬದಿ ಚಕ್ರ

ಇಲ್ಲಿಯವರೆಗಿನದು ಅಂದದ ಪ್ರಶ್ನೆ, ಇದು ಪ್ರಾಣದ್ದು. ನರ್ತಕಿ ಇಸಡೋರಾ ಡಂಕನ್ 1927ರ ಸೆಪ್ಟೆಂಬರ್ 14ರಂದು ಫ್ರಾನ್ಸಿನ ನೀಸ್ ನಗರದಲ್ಲಿ ತೀರಿಕೊಂಡದ್ದು ಕೊರಳಿನ ಉದ್ದ ರೇಷ್ಮೆ ವಸ್ತ್ರ ಕಾರಿನ ಚಕ್ರಕ್ಕೆ ಸುತ್ತಿಕೊಂಡು. ನಮ್ಮ ರಸ್ತೆಗಳಲ್ಲಿ ವೇಲ್ ಮತ್ತು ಸೆರಗು ಬೈಕಿನ ಚಕ್ರಕ್ಕೆ ಸಿಕ್ಕಿ ಅದೇ ಬಗೆಯ ದುರಂತಗಳು ನಡೆಯುತ್ತವೆ. ಅಂಚು ಕಡ್ಡಿಗಳ ನಡುವೆ ಸಿಕ್ಕಿದರೆ ಚಕ್ರ ಅದನ್ನು ಕ್ಷಣದಲ್ಲಿ ಸುತ್ತಿಕೊಳ್ಳುತ್ತದೆ, ಕೊರಳು ಹಿಂದಕ್ಕೆ ಸೆಳೆಯಲ್ಪಡುತ್ತದೆ.

ಕಾನೂನು ಇದನ್ನು ಗಮನಿಸಿದೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 123ನೆಯ ನಿಯಮ ಮೂರು ವಸ್ತುಗಳನ್ನು ಕಡ್ಡಾಯ ಮಾಡುತ್ತದೆ: ಹಿಂದೆ ಕೂತವರಿಗೆ ಹಿಡಿಕೆ, ಕಾಲಿಡುವ ಫುಟ್‌ರೆಸ್ಟ್, ಅವರ ಬಟ್ಟೆ ಸಿಕ್ಕದಂತೆ ಹಿಂಬದಿ ಚಕ್ರದ ಅರ್ಧಕ್ಕಿಂತ ಕಡಿಮೆಯಿಲ್ಲದ ಭಾಗವನ್ನು ಮುಚ್ಚುವ ರಕ್ಷಣೆ. ಈ ಮೂರನೆಯದೇ ನಾವು ಸೀರೆ ಗಾರ್ಡ್ ಎನ್ನುವುದು. ಬೈಕು ಕೊಂಡ ವಾರದಲ್ಲೇ ಚಂದಕ್ಕಾಗಿ ಅದನ್ನು ಬಿಚ್ಚಿಸುವ ಹುಡುಗರನ್ನು ಕಂಡಾಗ ಸಂಕಟವಾಗುತ್ತದೆ. ಆ ಬೈಕಿನ ಹಿಂದೆ ನಾಳೆ ಕೂರುವವರು ಅವರ ಅಮ್ಮನೋ ಅಕ್ಕನೋ ಇರಬಹುದು.

ಗಾರ್ಡ್ ಇದ್ದರೂ ಬಟ್ಟೆ ಹಾರಾಡಬಾರದು. ಸೆರಗನ್ನು ಸೊಂಟಕ್ಕೆ ಸುತ್ತಿ ಬಿಗಿಯಾಗಿ ಸಿಕ್ಕಿಸಿ ಪಿನ್ ಹಾಕಬೇಕು, ನೆರಿಗೆಯ ತುದಿ ಎತ್ತಿ ಹಿಡಿಯಬೇಕು. ವೇಲನ್ನಂತೂ ಕೊರಳಿಗೆ ಸುತ್ತದೆ ಬ್ಯಾಗಿನಲ್ಲಿ ಇಡುವುದೇ ಕ್ಷೇಮ. ಒಂದೇ ಕಡೆಗೆ ಕಾಲು ಇಳಿಬಿಟ್ಟು ಕೂರುವುದಕ್ಕಿಂತ ಎರಡೂ ಕಡೆ ಕಾಲು ಹಾಕಿ ಕೂರುವುದು ಸ್ಥಿರ. ಸೀರೆಯಲ್ಲಿ ಅದು ಕಷ್ಟ ಎನ್ನುವ ಶಿಕ್ಷಕಿಯರಿಗೆ ಚೂಡಿದಾರದಲ್ಲಿ ಬಂದು ಶಾಲೆಯಲ್ಲಿ ಸೀರೆ ಉಟ್ಟುಕೊಳ್ಳಲು ಅವಕಾಶವಿರಬೇಕು. ಹೆಲ್ಮೆಟ್ ಕರ್ನಾಟಕದಲ್ಲಿ 2016ರಿಂದ ಹಿಂದೆ ಕೂತವರಿಗೂ ಕಡ್ಡಾಯ. ಮುಡಿಯುವ ಹೂವು ಬಾಡಿಹೋಗುತ್ತದೆ ಎಂಬ ಬೇಸರ ಇರುವವರು ಹೂವನ್ನು ಒದ್ದೆ ಬಟ್ಟೆ ಹಾಸಿದ ಡಬ್ಬಿಯಲ್ಲಿ ಒಯ್ದು, ಹೋದ ಮೇಲೆ ಮುಡಿಯಬಹುದು.

ಮಳೆ

ಬೆಂಗಳೂರಿನ ಮಳೆ ಹೆಚ್ಚಾಗಿ ಸಂಜೆಯದು. ಮೇ ತಿಂಗಳ ಗುಡುಗು ಮಳೆಯಿಂದ ಹಿಡಿದು ಸೆಪ್ಟೆಂಬರ್, ಅಕ್ಟೋಬರ್ ತನಕ ಮನೆಗೆ ಮರಳುವ ಹೊತ್ತಿಗೇ ಸುರಿಯುತ್ತದೆ. ಮಂಗಳೂರು, ಉಡುಪಿಯ ಕಡೆ ಜೂನ್ ಬಂದರೆ ಬೆಳಗಿನಿಂದಲೇ ಮಳೆ. ಅಲ್ಲಿ ನೆನೆದದ್ದು ಒಣಗುವುದೇ ದೊಡ್ಡ ಪ್ರಶ್ನೆ.

ನೀರು ಹೊಗದ ಬಟ್ಟೆಗೆ 1823ರಲ್ಲಿ ಪೇಟೆಂಟ್ ಪಡೆದವರು ಸ್ಕಾಟ್ಲೆಂಡಿನ ಚಾರ್ಲ್ಸ್ ಮ್ಯಾಕಿಂಟಾಷ್. ಎರಡು ಬಟ್ಟೆಗಳ ನಡುವೆ ಕರಗಿಸಿದ ರಬ್ಬರನ್ನು ಹಚ್ಚಿದರು. ಅಂದಿನಿಂದಲೂ ಇರುವ ತೊಡಕು ಎಂದರೆ ನೀರು ಒಳಗೆ ಬಾರದ ಕೋಟಿನಿಂದ ಬೆವರೂ ಹೊರಗೆ ಹೋಗುವುದಿಲ್ಲ. 1969ರಲ್ಲಿ ಬಾಬ್ ಗೋರ್ ಟೆಫ್ಲಾನನ್ನು ರಭಸವಾಗಿ ಎಳೆದು ಸೂಕ್ಷ್ಮ ರಂಧ್ರಗಳ ಹಾಳೆ ಮಾಡಿದರು. ಆವಿ ಹಾಯುವ, ಹನಿ ಹಾಯದ ಆ ಗೋರ್‌ಟೆಕ್ಸ್ ಇಂದಿಗೂ ದುಬಾರಿ. ಸಾಮಾನ್ಯ ಬೆಲೆಯಲ್ಲಿ ಪಾಲಿಯುರೆಥೇನ್ ಲೇಪದ ನೈಲಾನ್ ರೇನ್‌ಕೋಟ್ ಸಾಕು. ಕೊಳ್ಳುವಾಗ ಒಳಗನ್ನು ತಿರುಗಿಸಿ ಹೊಲಿಗೆಗಳ ಮೇಲೆ ಟೇಪ್ ಅಂಟಿಸಿದ್ದಾರೆಯೇ ನೋಡಬೇಕು, ಏಕೆಂದರೆ ಸೋರುವುದು ಸೂಜಿಯ ತೂತುಗಳಿಂದ. ಬೈಕಿನಲ್ಲಿ ಕೂತಾಗ ನೀರು ತೊಡೆಯ ಸಂದಿನಲ್ಲಿ ನಿಲ್ಲುತ್ತದೆ; ಆ ಹೊಲಿಗೆಯೇ ಮೊದಲು ಕೈಕೊಡುವುದು.

ಮೊಣಕಾಲಿನವರೆಗಿನ ಒಂಟಿ ಕೋಟಿಗಿಂತ ಅಂಗಿ-ಪ್ಯಾಂಟಿನ ಜೋಡಿ ಮೇಲು. ಪ್ಯಾಂಟಿನ ತುದಿ ಶೂವಿನ ಹೊರಗಿರಬೇಕು, ಒಳಗೆ ಸಿಕ್ಕಿಸಿದರೆ ಶೂ ತೊಟ್ಟಿಯಾಗುತ್ತದೆ. ಗಾಳಿಗೆ ಹಾರುವ ಪಾಂಚೋ ಬೈಕಿಗೆ ಸಲ್ಲದು. ಸೈಲೆನ್ಸರ್‌ಗೆ ತಗುಲಿದರೆ ನೈಲಾನ್ ಕರಗಿ ಅಲ್ಲೇ ಮೆತ್ತಿಕೊಳ್ಳುತ್ತದೆ, ಹಾಗಾಗಿ ಸೈಲೆನ್ಸರಿನ ಕಡೆಯ ಪ್ಯಾಂಟಿನ ತುದಿಯನ್ನು ಪಟ್ಟಿಯಿಂದ ಬಿಗಿದುಕೊಳ್ಳಬೇಕು.

ಮೋಡ ಕವಿದಾಗಲೇ ರೇನ್‌ಕೋಟ್ ತೊಟ್ಟು ಹೊರಡುವುದು ಒಳ್ಳೆಯದು. ಹನಿ ಬಿದ್ದ ಮೇಲೆ ಮೇಲ್ಸೇತುವೆಯ ಕೆಳಗೆ ಗುಂಪಾಗಿ ನಿಂತರೆ ಹಿಂದಿನ ವಾಹನಗಳಿಗೆ ಕಾಣದೆ ಅಪಘಾತಕ್ಕೆ ದಾರಿಯಾಗುತ್ತದೆ. ಅಂಡರ್‌ಪಾಸ್ ಅಂತೂ ಆಸರೆಯಲ್ಲವೇ ಅಲ್ಲ. 2023ರ ಮೇ ತಿಂಗಳಲ್ಲಿ ಬೆಂಗಳೂರಿನ ಕೆ.ಆರ್. ವೃತ್ತದ ಅಂಡರ್‌ಪಾಸ್‌ನಲ್ಲಿ ನೀರು ತುಂಬಿ ಕಾರಿನಲ್ಲಿದ್ದ ಯುವತಿಯೊಬ್ಬರು ಮೃತಪಟ್ಟರು.

ಶೂ

ಗೇರ್ ಲಿವರನ್ನು ಮೇಲೆತ್ತುವಾಗ ಎಡ ಶೂವಿನ ಮೇಲ್ಭಾಗ ಸವೆದು ಕಪ್ಪು ಗುರುತು ಬೀಳುತ್ತದೆ. ಹಿಮ್ಮಡಿಯಿಂದಲೂ ಒತ್ತಬಹುದಾದ ಉದ್ದ ಲಿವರ್ ಇರುವ ಬೈಕ್‌ಗಳಲ್ಲಿ ಈ ತೊಂದರೆ ಕಡಿಮೆ. ಇಲ್ಲದಿದ್ದರೆ ಶೂವಿಗೆ ತೊಡಿಸುವ ರಬ್ಬರ್ ಪಟ್ಟಿ ಸಿಗುತ್ತದೆ. ಪಾಲಿಷ್ ಶೂವನ್ನು ಕಚೇರಿಯಲ್ಲೇ ಬಿಟ್ಟು, ಕಾಲ್ಗಂಟು ಮುಚ್ಚುವ ಗಟ್ಟಿ ಶೂ ತೊಟ್ಟು ಓಡಾಡುವುದು ಇನ್ನೂ ಉತ್ತಮ. ಚಪ್ಪಲಿಯಲ್ಲಿ ಬೈಕ್ ಓಡಿಸಬಾರದು.

ಕಲೆ ಬಿದ್ದ ಮೇಲೆ

ಚೈನಿನ ಎಣ್ಣೆಗೆ ಮೊದಲು ನೀರು ಹಾಕಬಾರದು, ತಿಕ್ಕಲೂ ಬಾರದು. ಟಾಲ್ಕಂ ಪೌಡರ್ ಅಥವಾ ಸೀಮೆಸುಣ್ಣದ ಪುಡಿ ಉದುರಿಸಿ, ಜಿಡ್ಡು ಹೀರಲು ಬಿಟ್ಟು, ಕೊಡವಬೇಕು. ಆಮೇಲೆ ಪಾತ್ರೆ ತೊಳೆಯುವ ದ್ರವವನ್ನು ಹಚ್ಚಿ ಒಗೆಯಬೇಕು. ಕಲೆ ಪೂರ್ತಿ ಹೋಗುವ ತನಕ ಇಸ್ತ್ರಿ ಬೇಡ, ಬಿಸಿ ತಗುಲಿದರೆ ಅದು ನಾರಿನಲ್ಲಿ ನೆಲೆಯೂರುತ್ತದೆ. ಕೆಸರನ್ನು ಹಸಿಯಾಗಿ ಒರೆಸಿದರೆ ಹರಡುತ್ತದೆ. ಒಣಗಿದ ಮೇಲೆ ಬ್ರಷ್‌ನಿಂದ ಉದುರಿಸಿದರೆ ಬಹುಪಾಲು ಹೋಗುತ್ತದೆ. ರೇಷ್ಮೆ ಸೀರೆಯ ಮೇಲೆ ಯಾವ ಪ್ರಯೋಗವೂ ಬೇಡ, ಡ್ರೈಕ್ಲೀನಿಂಗ್‌ಗೆ ಕೊಡಬೇಕು.

ಕಚೇರಿಯ ಪಾಲು

ಇಷ್ಟೆಲ್ಲ ಹೊಣೆ ಸವಾರರ ಮೇಲೇ ಏಕೆ? ಹ್ಯಾಂಗರ್ ತೂಗುಹಾಕಲು ಒಂದು ಕಂಬಿ, ಬಟ್ಟೆ ಬದಲಿಸಲು ಚಿಲಕವಿರುವ ಕೋಣೆ, ಹೆಲ್ಮೆಟ್ ಇಡಲು ಕಪಾಟು, ಒದ್ದೆ ರೇನ್‌ಕೋಟಿಗೆ ಗಾಳಿಯಾಡುವ ಮೂಲೆ, ಇಷ್ಟನ್ನು ಯಾವ ಸರ್ಕಾರಿ ಶಾಲೆ, ಬ್ಯಾಂಕ್ ಶಾಖೆಯಾದರೂ ಕಡಿಮೆ ಖರ್ಚಿನಲ್ಲಿ ಒದಗಿಸಬಹುದು. ಕಾರುಗಳಿಗೆ ಚಾವಣಿ ಹಾಕುವ ಕಚೇರಿಗಳು ಅದರ ಒಂದು ತುಂಡನ್ನು ಬೈಕ್ ನಿಲ್ಲಿಸುವ ಜಾಗಕ್ಕೂ ಹಾಕಿದರೆ ಸಂಜೆ ಸೀಟು ಒದ್ದೆಯಿರುವುದಿಲ್ಲ.

ಒದ್ದೆ ರೇನ್‌ಕೋಟನ್ನು ಮಡಚಿ ಡಿಕ್ಕಿಗೆ ತುರುಕಬಾರದು. ತೇವ ಮತ್ತು ಶಾಖ ಸೇರಿದರೆ ಒಳಗಿನ ಲೇಪ ಅಂಟಂಟಾಗಿ ಸಿಪ್ಪೆಯಂತೆ ಏಳುತ್ತದೆ, ಬೂಷ್ಟಿನ ವಾಸನೆ ಹಿಡಿಯುತ್ತದೆ. ಮೊದಲು ಹೊರಮಗ್ಗುಲು, ಆಮೇಲೆ ಒಳಮಗ್ಗುಲು ತಿರುಗಿಸಿ ನೆರಳಿನಲ್ಲಿ ಒಣಗಿಸಿದರೆ ಅದೇ ಕೋಟು ಮುಂದಿನ ಮಳೆಗಾಲಕ್ಕೂ ಬರುತ್ತದೆ.