ಆಂಟಾಲಜಿ ಸಂಪಾದನಾ ತಂತ್ರಾಂಶಗಳಲ್ಲಿ ಪದಶೋಧನೆ

ಒಂದು ಜ್ಞಾನಕ್ಷೇತ್ರದ ಪರಿಕಲ್ಪನೆಗಳನ್ನೂ ಅವುಗಳ ನಡುವಿನ ಸಂಬಂಧಗಳನ್ನೂ ಕಂಪ್ಯೂಟರಿಗೆ ಅರ್ಥವಾಗುವಂತೆ ಜೋಡಿಸಿಟ್ಟ ವ್ಯವಸ್ಥೆಗೆ ಆಂಟಾಲಜಿ ಎನ್ನುತ್ತಾರೆ. ಇದನ್ನು ಬೆಳೆಸುವವರ ಮೊದಲ ಕೆಲಸ ಹುಡುಕುವುದು, ಸೇರಿಸುವುದು ಆಮೇಲಿನದು. ಇರುವ ಪದವನ್ನೇ ಬೇರೆ ಹೆಸರಿನಲ್ಲಿ ಮತ್ತೆ ಸೇರಿಸಿದರೆ ಒಂದೇ ಪರಿಕಲ್ಪನೆಗೆ ಎರಡು ಗುರುತುಸಂಖ್ಯೆ ಬಂದು, ಅದಕ್ಕೆ ತಗುಲಿಸಿದ ಮಾಹಿತಿಯೆಲ್ಲ ಎರಡು ಪಾಲಾಗುತ್ತದೆ. ಈ ತೊಂದರೆಯೂ ಅದಕ್ಕೆ ಕಂಡುಕೊಂಡ ಪರಿಹಾರಗಳೂ ಜೀವವಿಜ್ಞಾನದಲ್ಲಿ ಬಹಳ ಸ್ಪಷ್ಟವಾಗಿ ಕಾಣುತ್ತವೆ.

ಹಣ್ಣುನೊಣ, ಯೀಸ್ಟ್ ಮತ್ತು ಇಲಿಯ ದತ್ತಸಂಚಯಗಳನ್ನು ನಡೆಸುತ್ತಿದ್ದವರು ಸೇರಿ 1998ರಲ್ಲಿ ಜೀನ್ ಆಂಟಾಲಜಿಯನ್ನು ಆರಂಭಿಸಿದರು. ಕಾರಣ, ಒಂದು ದತ್ತಸಂಚಯದಲ್ಲಿ ‘ಟ್ರಾನ್ಸ್‌ಲೇಷನ್’ ಎಂದೂ ಇನ್ನೊಂದರಲ್ಲಿ ‘ಪ್ರೋಟೀನ್ ಸಂಶ್ಲೇಷಣೆ’ ಎಂದೂ ಬರೆದಿದ್ದರೆ ಎರಡೂ ಒಂದೇ ಕ್ರಿಯೆ ಎಂಬುದು ಯಂತ್ರಕ್ಕೆ ತಿಳಿಯುವುದಿಲ್ಲ. ಜೀನ್ ಆಂಟಾಲಜಿಯ ಆರಂಭದ ಕಡತಗಳು ಬರಿಯ ಪಠ್ಯ. ಸಾಲಿನ ಮುಂದೆ ಶೇಕಡಾ ಚಿಹ್ನೆಯಿದ್ದರೆ ‘ಇದು ಅದರ ಒಂದು ಬಗೆ’ ಎಂದು, ‘<’ ಇದ್ದರೆ ‘ಇದು ಅದರ ಭಾಗ’ ಎಂದು ಅರ್ಥ. ಒಂದು ಪದಕ್ಕೆ ಹಲವು ತಾಯಿಪದಗಳಿರಬಹುದಾದ್ದರಿಂದ ಅದೇ ಸಾಲು ಕಡತದಲ್ಲಿ ಅನೇಕ ಕಡೆ ಬರುತ್ತಿತ್ತು. ಪಠ್ಯಸಂಪಾದಕದಲ್ಲಿ ಹುಡುಕಿದರೆ ಅಕ್ಷರಗಳು ಸಿಗುತ್ತಿದ್ದವು, ಪದದ ಪೂರ್ಣ ಸ್ಥಾನ ಸಿಗುತ್ತಿರಲಿಲ್ಲ.

ಬರ್ಕ್ಲಿಯಲ್ಲಿ ಜಾನ್ ಡೇ-ರಿಕ್ಟರ್ ಜಾವಾದಲ್ಲಿ ಬರೆದ ಡ್ಯಾಗ್-ಎಡಿಟ್ ಈ ಕೊರತೆಯನ್ನು ನೀಗಿಸಲು ಬಂತು. ಅದರಿಂದಲೇ ಬೆಳೆದ ಓಬಿಓ-ಎಡಿಟ್ ಅನ್ನು 2007ರಲ್ಲಿ ‘ಬಯೋಇನ್ಫರ್ಮ್ಯಾಟಿಕ್ಸ್’ ಪತ್ರಿಕೆಯ ಪ್ರಬಂಧವೊಂದು ವಿವರಿಸಿತು. ಪದಶೋಧನೆಯ ಇತಿಹಾಸದಲ್ಲಿ ಈ ತಂತ್ರಾಂಶಕ್ಕೆ ಸಲ್ಲಬೇಕಾದ ಮನ್ನಣೆ ದೊಡ್ಡದು. ಹೆಸರು, ಸಮಾನಪದ, ವ್ಯಾಖ್ಯೆ ಇವುಗಳಲ್ಲಿ ಯಾವುದರೊಳಗೆ ಹುಡುಕಬೇಕೆಂದು ಅಲ್ಲಿ ಆರಿಸಬಹುದಿತ್ತು. ಷರತ್ತುಗಳನ್ನು ‘ಮತ್ತು’, ‘ಅಥವಾ’ಗಳಿಂದ ಹೆಣೆಯಬಹುದಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಷರತ್ತನ್ನು ಪದಕ್ಕೆ ಮಾತ್ರವಲ್ಲದೆ ಅದರ ಪೂರ್ವಜರಿಗೂ ಸಂತತಿಗೂ ಹಾಕಬಹುದಿತ್ತು. ಇಂಥ ಪದದ ಕೆಳಗಿದ್ದೂ ವ್ಯಾಖ್ಯೆಯಿಲ್ಲದವು ಯಾವುವು ಎಂಬ ಪ್ರಶ್ನೆಗೆ ಉತ್ತರ ಪಟ್ಟಿಯಾಗಿ ಕಣ್ಣಮುಂದೆ ಬರುತ್ತಿತ್ತು. ಪದಗಳಿಗೊಂದು, ಅವುಗಳ ನಡುವಿನ ಕೊಂಡಿಗಳಿಗೊಂದು ಎಂದು ಫಿಲ್ಟರುಗಳೂ ಬೇರೆಬೇರೆ. ‘ಭಾಗ’ ಸಂಬಂಧಗಳನ್ನು ಮರೆಮಾಡಿ ‘ಬಗೆ’ಗಳ ಮರವನ್ನಷ್ಟೇ ನೋಡುವುದು ಹೀಗೆ ಸಾಧ್ಯವಾಯಿತು. ಬಳಕೆ ತಪ್ಪಿದ ಪದಗಳನ್ನು ಜೀನ್ ಆಂಟಾಲಜಿ ಅಳಿಸುವುದಿಲ್ಲ, ತ್ಯಕ್ತವೆಂದು ಗುರುತು ಹಾಕಿ ಉಳಿಸಿಕೊಳ್ಳುತ್ತದೆ. ಹಾಗಾಗಿ ಅವನ್ನು ಬೇರ್ಪಡಿಸಿ ತೋರಿಸುವುದೂ ಸಣ್ಣ ಅನುಕೂಲವೇನಲ್ಲ.

ಇನ್ನೊಂದು ಪರಂಪರೆ ಸ್ಟ್ಯಾನ್‌ಫರ್ಡಿನದು. ಮಾರ್ಕ್ ಮ್ಯೂಸನ್ 1980ರ ದಶಕದಲ್ಲಿ ಆರಂಭಿಸಿದ ಪ್ರೊಟೆಜೆ ಹಲವು ರೂಪಗಳನ್ನು ದಾಟಿ, 2004ರಲ್ಲಿ ಜಾಲದ ಮಾನಕ ಸಂಸ್ಥೆ ಡಬ್ಲ್ಯೂ3ಸಿ ಮಾನ್ಯ ಮಾಡಿದ, ಆಂಟಾಲಜಿ ಬರೆಯುವ ಆಲ್ ಭಾಷೆಯ ಪ್ರಮುಖ ಸಂಪಾದಕವಾಯಿತು. ಪ್ರೊಟೆಜೆಯ ನಾಲ್ಕನೆಯ ಆವೃತ್ತಿ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಸಹಯೋಗದಲ್ಲಿ ರೂಪುಗೊಂಡಿತು. ಅದರ ಡಿಎಲ್ ಕ್ವೆರಿ ಎಂಬ ಶೋಧಸೌಲಭ್ಯದಲ್ಲಿ ಹುಡುಕುವವರು ಹೆಸರಿನ ಬದಲು ಒಂದು ತಾರ್ಕಿಕ ವಿವರಣೆಯನ್ನೇ ಕೊಡುತ್ತಾರೆ. ಫ್ಯಾಕ್ಟ್++, ಹರ್ಮಿಟ್, ಎಲ್ಕ್‌ನಂಥ ತರ್ಕಯಂತ್ರಗಳು ಆ ವಿವರಣೆಗೆ ಹೊಂದುವ ವರ್ಗಗಳನ್ನು, ಯಾರೂ ನೇರವಾಗಿ ಬರೆದಿಡದ ಸಂಬಂಧಗಳನ್ನೂ ಸೇರಿಸಿ, ಲೆಕ್ಕಹಾಕಿ ಕೊಡುತ್ತವೆ.

ಈ ಶಕ್ತಿಗೂ ಒಂದು ಮಿತಿಯಿದೆ. ವ್ಯಾಖ್ಯೆ, ಸಮಾನಪದಗಳು ಆಲ್ ಭಾಷೆಯಲ್ಲಿ ಟಿಪ್ಪಣಿಗಳಷ್ಟೇ, ತರ್ಕಯಂತ್ರ ಅವನ್ನು ಗಣಿಸುವುದಿಲ್ಲ. ಅಲ್ಲದೆ ಬರೆದಿಲ್ಲದ್ದನ್ನು ಅದು ‘ಇಲ್ಲ’ ಎಂದು ತೀರ್ಮಾನಿಸದು. ಓಬಿಓ-ಎಡಿಟ್‌ನಲ್ಲಿ ಸಲೀಸಾಗಿದ್ದ ‘ವ್ಯಾಖ್ಯೆಯಿಲ್ಲದ ಪದಗಳು’ ಎಂಬ ಪ್ರಶ್ನೆಗೆ ಇಲ್ಲಿ ಬೇರೆ ದಾರಿ ಬೇಕಾಯಿತು. 2008ರಲ್ಲಿ ಮಾನ್ಯತೆ ಪಡೆದ ಸ್ಪಾರ್ಕಲ್ ಪ್ರಶ್ನೆಭಾಷೆ ಆ ದಾರಿಯಾಯಿತು.

ಸಂಪಾದಕರಲ್ಲದವರೂ ಪದಗಳನ್ನು ಹುಡುಕಲೆಂದು ಅಮಿಗೊ, ಯುರೋಪಿಯನ್ ಬಯೋಇನ್ಫರ್ಮ್ಯಾಟಿಕ್ಸ್ ಸಂಸ್ಥೆಯ ಆಂಟಾಲಜಿ ಲುಕಪ್ ಸರ್ವಿಸ್, ಬಯೋಪೋರ್ಟಲ್ ಮುಂತಾದ ಜಾಲತಾಣಗಳು ಬಂದವು.

ಜೀನ್ ಆಂಟಾಲಜಿಯ ಸಂಪಾದಕರೂ ಕಾಲಕ್ರಮದಲ್ಲಿ ಪ್ರೊಟೆಜೆಗೆ ಬಂದರು. ಹಿಂದೆ ಸಂಪಾದಕರು ತಾವೇ ಫಿಲ್ಟರ್ ಹಾಕಿ ನಡೆಸುತ್ತಿದ್ದ ಹಲವು ತಪಾಸಣೆಗಳನ್ನು ಈಗ ರೋಬಾಟ್ ಎಂಬ ಉಪಕರಣ ಸ್ಪಾರ್ಕಲ್ ಪ್ರಶ್ನೆಗಳ ಮೂಲಕ ಮಾಡುತ್ತದೆ. ಅದರ ವರದಿಯಲ್ಲಿ ವ್ಯಾಖ್ಯೆಯಿಲ್ಲದ ಪದಕ್ಕೆ ಎಚ್ಚರಿಕೆ ಬೀಳುತ್ತದೆ, ಎರಡು ಪದಗಳಿಗೆ ಒಂದೇ ಹೆಸರಿದ್ದರೆ ದೋಷವೆಂದೇ ದಾಖಲಾಗುತ್ತದೆ. ಹೆಸರು ಬೇರೆಯಾಗಿ ಅರ್ಥ ಒಂದೇ ಆಗಿರುವ ಜೋಡಿಗಳನ್ನು ಹಿಡಿಯಲು ಮಾತ್ರ ವಿಷಯ ಬಲ್ಲ ಸಂಪಾದಕರೇ ಸಮಾನಪದಗಳನ್ನೂ ವ್ಯಾಖ್ಯೆಗಳನ್ನೂ ಹುಡುಕಿ ಓದಬೇಕು.