ದಂಡಿನಿಂದ ದರೋಜಿಗೆ: ಕರಡಿ ನೋಡುವ ಪರಿಪಾಠ

ಕರ್ನಾಟಕದ ಬಯಲುಸೀಮೆಯ ಕಲ್ಲುಗುಡ್ಡಗಳಲ್ಲಿರುವುದು ಜೂಲುಗೂದಲಿನ ಕಪ್ಪು ಕರಡಿ. 1791ರಲ್ಲಿ ಇಂಗ್ಲೆಂಡಿನ ಪ್ರಾಣಿಶಾಸ್ತ್ರಜ್ಞ ಜಾರ್ಜ್ ಶಾ ಇದರ ಉದ್ದನೆಯ ಉಗುರುಗಳನ್ನು ನೋಡಿ ದಕ್ಷಿಣ ಅಮೆರಿಕದ ಸ್ಲಾತ್ ಪ್ರಾಣಿಯ ಬಳಗಕ್ಕೆ ಸೇರಿಸಿದ. ಆಮೇಲೆ ತಪ್ಪು ತಿದ್ದಿದರೂ ‘ಸ್ಲಾತ್ ಬೇರ್’ ಎಂಬ ಇಂಗ್ಲಿಷ್ ಹೆಸರು ಉಳಿದುಕೊಂಡಿತು. ಮೇಲ್ದವಡೆಯ ನಡುವೆ ಎರಡು ಬಾಚಿಹಲ್ಲು ಇಲ್ಲದ ಸಂದಿಯಿಂದ ಇದು ಗೆದ್ದಲನ್ನು ಹೀರುತ್ತದೆ. ಹಗಲಲ್ಲಿ ಗವಿಯೊಳಗೆ ಮಲಗಿದ್ದು ಇಳಿಹೊತ್ತಿಗೆ ಹೊರಬೀಳುತ್ತದೆ. ಆದ್ದರಿಂದ ಕರಡಿಯನ್ನು ಕಾಣಬೇಕೆಂದವರು ಅದರ ಹೊತ್ತಿಗೆ ಕಾದು ಕೂರಬೇಕಿತ್ತು, ಇಲ್ಲವೇ ಅದನ್ನೇ ತಮ್ಮೆದುರಿಗೆ ತರಿಸಿಕೊಳ್ಳಬೇಕಿತ್ತು.

ಹಿಂದೆ ಹಾಗೆ ಕಾದು ಕೂತವರ ಕೈಯಲ್ಲಿ ಬಂದೂಕು ಇರುತ್ತಿತ್ತು. 1809ರಲ್ಲಿ ಬೆಂಗಳೂರಿನ ಹಲಸೂರು ಆಸುಪಾಸಿನಲ್ಲಿ ಬ್ರಿಟಿಷರ ದಂಡು ನೆಲೆಯೂರಿದ ಮೇಲೆ ಮೈಸೂರು ಸೀಮೆಯ ಕಾಡುಗಳು ಅಧಿಕಾರಿಗಳ ಬಿಡುವಿನ ಬೇಟೆಗೆ ಒದಗಿದವು. ಈ ಪರಂಪರೆಯ ಕೊನೆಯ ಹೆಸರಾಂತ ಬೇಟೆಗಾರ ಕೆನೆತ್ ಆಂಡರ್ಸನ್ (1910–1974). ದಂಡು ಪ್ರದೇಶದ ನಿವಾಸಿಯಾಗಿ, ಊರಿನ ಪೂರ್ವಕ್ಕಿದ್ದ ವಿಮಾನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ ಈತ ಅರಸೀಕೆರೆ ಕಡೆ ಹಲವರನ್ನು ಕೊಂದಿದ್ದ ಕರಡಿಯೊಂದರ ಬೇಟೆಯನ್ನು 1957ರ ಪುಸ್ತಕವೊಂದರಲ್ಲಿ ಬರೆದ.

ಊರಿನ ಜನಕ್ಕೆ ಕರಡಿ ಕಾಣುತ್ತಿದ್ದುದು ಬೀದಿಯಲ್ಲಿ. ಕಲಂದರ್ ಸಮುದಾಯದವರು ಮೂಗು ಚುಚ್ಚಿ ಹಗ್ಗ ಪೋಣಿಸಿದ ಕರಡಿಯನ್ನು ಮನೆಮನೆಯ ಮುಂದೆ ಕುಣಿಸುತ್ತಿದ್ದರು. ಮಕ್ಕಳ ಹೆದರಿಕೆ ಬಿಡಿಸಲು ಅದರ ಬೆನ್ನ ಮೇಲೆ ಕೂರಿಸುವುದು, ಕೂದಲನ್ನು ತಾಯತಕ್ಕೆ ಹಾಕಿಸುವುದು ರೂಢಿಯಲ್ಲಿತ್ತು. ಈ ಕಸುಬಿಗೆ ಬೇಕಾದ ಮರಿಗಳು ಕಾಡಿನಿಂದಲೇ ಬರಬೇಕಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಮತ್ತು ಅದರ ತಿದ್ದುಪಡಿಗಳಿಂದ ಬೇಟೆಯೂ ಮರಿ ಹಿಡಿಯುವುದೂ ಅಪರಾಧವಾದವು. 2005ರಲ್ಲಿ ಬನ್ನೇರುಘಟ್ಟದಲ್ಲಿ ಅರಣ್ಯ ಇಲಾಖೆ ಮತ್ತು ವೈಲ್ಡ್‌ಲೈಫ್ ಎಸ್‌ಒಎಸ್ ಸಂಸ್ಥೆ ಸೇರಿ ಆರಂಭಿಸಿದ ಕರಡಿ ಪುನರ್ವಸತಿ ಕೇಂದ್ರಕ್ಕೆ ಕುಣಿತದ ಕರಡಿಗಳು ಬಂದವು. ಕಲಂದರರಿಗೆ ಬೇರೆ ದುಡಿಮೆಯ ದಾರಿ ಮಾಡಿಕೊಡುವುದೂ ಈ ಕೆಲಸದ ಭಾಗವಾಗಿತ್ತು. ದೇಶದ ಕೊನೆಯ ಕುಣಿತದ ಕರಡಿ ಎನಿಸಿಕೊಂಡ ‘ರಾಜು’ 2009ರ ಡಿಸೆಂಬರಿನಲ್ಲಿ ಇಲ್ಲಿಗೇ ಬಂತು.

ಅಷ್ಟರಲ್ಲಿ ಕಾಡಿನಲ್ಲೇ ಕರಡಿ ನೋಡುವ ಏರ್ಪಾಡು ಹಂಪಿಯ ಸಮೀಪ ರೂಪುಗೊಂಡಿತ್ತು. 1994ರ ಅಕ್ಟೋಬರಿನಲ್ಲಿ ಸರ್ಕಾರ ಬಿಳಿಕಲ್ಲು ಮೀಸಲು ಅರಣ್ಯದ 5,587 ಹೆಕ್ಟೇರನ್ನು ದರೋಜಿ ಕರಡಿಧಾಮವೆಂದು ಘೋಷಿಸಿತು. 2009ರಲ್ಲಿ ಬುಕ್ಕಸಾಗರ ಅರಣ್ಯದ 2,685 ಹೆಕ್ಟೇರು ಸೇರಿ ವಿಸ್ತೀರ್ಣ 82 ಚದರ ಕಿಲೋಮೀಟರು ದಾಟಿತು. ಹೆಬ್ಬಂಡೆಗಳ ನಡುವೆ ಗವಿಗಳು, ಕುರುಚಲು ಕಾಡಿನಲ್ಲಿ ಹುತ್ತ, ಜೇನು, ಬಾರೆ, ಕವಳೆ, ಸೀತಾಫಲ ಇರುವುದರಿಂದ ಕರಡಿಗೆ ಇದು ಒಗ್ಗಿದ ನೆಲೆ.

ಇಲ್ಲಿ ನೋಟದ ಜಾಗ ಕರಡಿಕಲ್ಲು ಗುಡ್ಡ. ಮಧ್ಯಾಹ್ನ ಅರಣ್ಯ ಸಿಬ್ಬಂದಿ ಬಂಡೆಗಳಿಗೆ ಬೆಲ್ಲದ ಪಾಕ ಬಳಿದು ಹಿಂದಿರುಗುತ್ತಾರೆ. ಎದುರಿನ ವೀಕ್ಷಣಾ ಗೋಪುರದಲ್ಲಿ ಜನ ಸದ್ದಿಲ್ಲದೆ ಕಾಯುತ್ತಾರೆ. ಮೊದಲು ನವಿಲು, ಮುಂಗುಸಿ ಬರುತ್ತವೆ. ಬಿಸಿಲು ಇಳಿದಂತೆ ಕರಡಿಗಳು ಬಂಡೆ ನೆಕ್ಕಲು ಬರುತ್ತವೆ. ತಾಯಿ ಕರಡಿಯ ಬೆನ್ನ ಮೇಲೆ ಮರಿಗಳೂ ಇರುವುದುಂಟು. ಕತ್ತಲಾಗುವ ಹೊತ್ತಿಗೆ ಗೋಪುರ ಬಿಡಬೇಕು. ರಷ್ಯಾ ಗಡಿಯ ಫಿನ್ಲೆಂಡಿನ ಕಾಡುಗಳಲ್ಲಿ ಮರದ ಗೂಡಿನೊಳಗೆ ರಾತ್ರಿಯಿಡೀ ಕೂತು ಕಂದು ಕರಡಿ ನೋಡುವ ಪದ್ಧತಿಯಿದೆ. ಅಲ್ಲಿಯೂ ಕರಡಿಯನ್ನು ಕರೆಯುವುದು ತಿನಿಸೇ.

ದರೋಜಿಗೆ ಬಂದವರು ಉಳಿದುಕೊಳ್ಳುವುದು ಧಾಮದ ಹೊರಗೆ, ಕಮಲಾಪುರದ ಕಡೆ. ಅಲ್ಲಿ ಜಂಗಲ್ ಲಾಡ್ಜಸ್ ಸಂಸ್ಥೆಯ ವಸತಿಧಾಮವಿದೆ. ರಾಜ್ಯ ಸರ್ಕಾರ 1980ರಲ್ಲಿ ಸ್ಥಾಪಿಸಿದ ಈ ಸಂಸ್ಥೆಯ ಕಚೇರಿ ಹಿಂದೆ ದಂಡು ಪ್ರದೇಶದ ಎಂ.ಜಿ. ರಸ್ತೆಯಲ್ಲಿತ್ತು. ಮೈಸೂರು ಅರಸರ ಹಳೆಯ ಬೇಟೆ ಬಂಗಲೆಯಿದ್ದ ಕಬಿನಿ ದಡದಲ್ಲಿ ಅದರ ಮೊದಲ ವಸತಿ ಶುರುವಾಗಿತ್ತು.

ಬೆಲ್ಲದ ಆಸೆ ಹಚ್ಚುವುದು ಕರಡಿಯ ಸಹಜ ನಡೆಯನ್ನು ಕೆಡಿಸುತ್ತದೆ ಎಂಬ ಆಕ್ಷೇಪವಿದೆ. ಅದೇ ಬೆಲ್ಲದಿಂದ ಸಾಮಾನ್ಯ ಜನಕ್ಕೆ ಕಾಡಿನ ಕರಡಿ ಕಾಣಸಿಕ್ಕಿತು ಎಂಬುದೂ ನಿಜ. ದರೋಜಿಯ ನಂತರ 2013ರಲ್ಲಿ ಗುಡೇಕೋಟೆ ಕರಡಿಧಾಮವಾಯಿತು. ಈಚೆಗೆ, ಆಂಡರ್ಸನ್ ಬಂದೂಕು ಹಿಡಿದು ಅಲೆದ ಅರಸೀಕೆರೆ ಸೀಮೆಯಲ್ಲೂ ಕರಡಿಧಾಮ ಘೋಷಣೆಯಾಗಿದೆ.